ಹಟ್ಟಿಯ ಬಿಸುಪು

ಹಿಂದಿನ ಪೆರಾರ್ದೆ ತಿಂಗಳಲ್ಲಿ ಮಣಿಪಾಲದ ನಮ್ಮ ಹಿತ್ತಲಲ್ಲಿ ಒಂದು ಬಿಳಿ ಮೊಲ ಸತ್ತಿತು. ತುಳುವರ ಪೆರಾರ್ದೆ ಎಂದರೆ ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗಿನ ತಿಂಗಳು. ನಮ್ಮ ಕರಾವಳಿಗೆ ದಕ್ಕಿದ ಪುಟ್ಟ ಚಳಿಗಾಲದ ಬಹುಪಾಲು ಅದರೊಳಗೇ ಮುಗಿದುಹೋಗುತ್ತದೆ. ಸತ್ತದ್ದು ಮಗ ತನ್ನ ಮಗಳಿಗೆಂದು ತಂದ ಜೋಡಿ ಮೊಲಗಳಲ್ಲಿ ಒಂದು. ಹಲಸಿನ ಮರದಡಿ ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಮರದ ಗೂಡು ಅವುಗಳ ಮನೆ. ಬೆಳಗಿನ ಜಾವ ಚಳಿ ಹೆಚ್ಚಾಯಿತೆಂದು ಮಗ ಗೂಡಿನ ನಾಲ್ಕೂ ಬದಿಗೆ ನೀಲಿ ಟಾರ್ಪಾಲು ಬಿಗಿದು ಕಟ್ಟಿದ. ಅವನ ಮನಸ್ಸಿನಲ್ಲಿ ಪ್ರೀತಿಯೇ ಇತ್ತು. ಹತ್ತು ಹನ್ನೆರಡು ದಿನ ಕಳೆದು ಒಂದು ಮುಂಜಾನೆ ನಾನು ಟಾರ್ಪಾಲು ಸರಿಸಿದೆ. ಒಳಗಿನ ಮಗ್ಗುಲಲ್ಲಿ ನೀರಿನ ಹನಿಗಳು ಸಾಲುಗಟ್ಟಿದ್ದವು. ಉಚ್ಚೆಯ ಘಾಟು ಕಣ್ಣಿಗೆ ಹೊಡೆಯಿತು. ಹೆಣ್ಣು ಮೊಲ ಮೂಲೆಯಲ್ಲಿ ಮುದುಡಿ ಕೂತು ಸೀನುತ್ತಿತ್ತು. ಮುಂಗಾಲುಗಳ ಒಳಬದಿಯ ರೋಮ ಅಂಟಂಟಾಗಿ ಜಡೆಗಟ್ಟಿತ್ತು. ಮೊಲ ಸುರಿಯುವ ಮೂಗನ್ನು ಮುಂಗಾಲಿನಿಂದ ಒರೆಸಿಕೊಳ್ಳುತ್ತದೆ, ಕಾಯಿಲೆ ಮೊದಲು ಕಾಣುವುದು ಕಾಲಿನಲ್ಲಿ ಎಂದು ಪಶುವೈದ್ಯರು ಆಮೇಲೆ ಹೇಳಿದರು. ಮೂರನೆಯ ದಿನ ಅದು ಉಳಿಯಲಿಲ್ಲ. ‘ಚಳಿಗೆ ಸತ್ತದ್ದಲ್ಲಮ್ಮ, ಗಾಳಿ ಇಲ್ಲದೆ ಸತ್ತದ್ದು’ ಎಂದರು ವೈದ್ಯರು.

ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಹುಟ್ಟಿದ್ದು ಕಾರ್ಕಳದ ಕಡೆಯ ಹಳ್ಳಿಮನೆಯಲ್ಲಿ. ಅಲ್ಲಿ ಮನೆಯ ಜಗಲಿಗೂ ಹಟ್ಟಿಗೂ ನಡುವೆ ಇದ್ದದ್ದು ಒಂದು ಅಂಗಳ ಮಾತ್ರ. ಮದುವೆಯಾಗಿ ಬಂದದ್ದು ಕಾಪುವಿಗೆ. ಅತ್ತೆ ಇಪ್ಪತ್ತು ಇಪ್ಪತ್ತೈದು ಕೋಳಿ ಸಾಕಿದವರು. ಎರಡೂ ಮನೆಗಳಲ್ಲಿ ಪ್ರಾಣಿಗಳನ್ನು ಬೆಚ್ಚಗಿಡುವ ಕ್ರಮವನ್ನು ಕಣ್ಣಾರೆ ಕಂಡಿದ್ದೇನೆ, ಕೈಯಾರೆ ಮಾಡಿದ್ದೇನೆ. ಆದರೂ ಮಗ ಟಾರ್ಪಾಲು ಬಿಗಿಯುವಾಗ ತಡೆಯಲಿಲ್ಲ. ಮೊಲವೆಂದರೆ ಹೊಸ ಕಾಲದ ಪ್ರಾಣಿ, ಅದರ ಶಾಸ್ತ್ರವೇ ಬೇರೆ ಇರಬೇಕು ಎಂದುಕೊಂಡು ಸುಮ್ಮನಿದ್ದೆ.

ಹೊಸದೆನ್ನುವುದು ಒಂದರ್ಥದಲ್ಲಿ ನಿಜ. ತುಳುವಿನಲ್ಲಿ ಮೊಲಕ್ಕೆ ‘ಮುಯೆರ್’ ಎನ್ನುತ್ತಾರೆ. ತಮಿಳಿನ, ಮಲಯಾಳದ ಮುಯಲ್ ಅದರ ದಾಯಾದಿ. ಆದರೆ ಆ ಹೆಸರು ಹುಟ್ಟಿದ್ದು ನಮ್ಮ ಗುಡ್ಡಗಳ ಕಾಡುಮೊಲಕ್ಕೆ, ಪಂಜರದ ಮೊಲಕ್ಕಲ್ಲ. ಕಾಡುಮೊಲ ಬಿಲ ತೋಡುವುದಿಲ್ಲ. ಮುಳಿಹುಲ್ಲಿನ ನಡುವೆ ಮೈಯಷ್ಟೇ ಅಳತೆಯ ತಗ್ಗು ಮಾಡಿಕೊಂಡು ಮಲಗುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈತುಂಬ ರೋಮವಿರುತ್ತದೆ. ಅದನ್ನು ಹಿಡಿಯುವುದನ್ನೂ ಸಾಕುವುದನ್ನೂ 1972ರ ವನ್ಯಜೀವಿ ಕಾಯ್ದೆ ತಡೆಯುತ್ತದೆ. ನಾವು ಸಾಕುವ ಬಿಳಿ, ಬೂದು, ಕಪ್ಪು ಮೊಲಗಳ ಮೂಲ ಸ್ಪೇನ್, ಪೋರ್ಚುಗಲ್ ಕಡೆಯದು. ಬಿಲದಲ್ಲಿ ಬಾಳುವ ಜಾತಿ ಅದು. ಮರಿಗಳು ಬೆತ್ತಲೆಯಾಗಿ, ಕಣ್ಣು ಮುಚ್ಚಿಯೇ ಹುಟ್ಟುತ್ತವೆ. ತಾಯಿ ತನ್ನ ಹೊಟ್ಟೆಯ ರೋಮವನ್ನೇ ಕಿತ್ತು ಅವುಗಳಿಗೆ ಹಾಸಿಗೆ ಮಾಡುತ್ತದೆ. ಸೋವಿಯತ್ ಚಿಂಚಿಲ್ಲಾ, ನ್ಯೂಜಿಲೆಂಡ್ ವೈಟ್ ಮುಂತಾದ ತಳಿಗಳನ್ನು ಸಾಕಿ ನೋಡಲು ದಕ್ಷಿಣದಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಆರಿಸಿಕೊಂಡದ್ದು ಕೊಡೈಕನಾಲ್ ಬೆಟ್ಟದ ಮೇಲಿನ ಮನ್ನವನೂರನ್ನು. ತಂಪೇ ಆ ಪ್ರಾಣಿಗೆ ಹಿತ. ಮೈಮೇಲೆ ಎರಡು ಪದರದ ರೋಮ ಹೊತ್ತ ಮೊಲ ಒಣ ಚಳಿಯನ್ನು ನಮಗಿಂತ ಚೆನ್ನಾಗಿ ತಡೆಯುತ್ತದೆ. ತಡೆಯಲಾಗದ್ದು ಒದ್ದೆ, ನಿಂತ ಗಾಳಿ, ಉಚ್ಚೆಯ ಘಾಟು, ಮತ್ತೆ ಬಿಸಿಲು.

ಬಿಸಿಲು ಎಂದಾಗ ನಮ್ಮ ಚಳಿಗಾಲದ ವಿಚಿತ್ರವನ್ನು ಹೇಳಲೇಬೇಕು. ಘಟ್ಟದ ಮೇಲಿನವರಿಗೆ ಇದು ತಿಳಿಯುವುದಿಲ್ಲ. ಉಡುಪಿಯಲ್ಲಿ ಜನವರಿಯ ನಡುಹಗಲು ಜುಲೈಯ ನಡುಹಗಲಿಗಿಂತ ಬಿಸಿ. ಮಳೆಗಾಲದಲ್ಲಿ ಮೋಡದಡಿ 28, 29 ಡಿಗ್ರಿಯಲ್ಲಿ ನಿಲ್ಲುವ ಹಗಲು, ಪೆರಾರ್ದೆಯಲ್ಲಿ 32, 33ಕ್ಕೆ ಏರುತ್ತದೆ. ರಾತ್ರಿ ಆಕಾಶ ಬಯಲಾಗಿ, ಬೆಳಗಿನ ಜಾವಕ್ಕೆ 20ರ ಆಸುಪಾಸಿಗೆ ಇಳಿಯುತ್ತದೆ. ಘಟ್ಟದ ಬುಡದ ಕಾರ್ಕಳದಲ್ಲಿ ಇನ್ನೂ ಕೊಂಚ ಕೆಳಗೆ. ಒಂದೇ ದಿನದಲ್ಲಿ ಹನ್ನೆರಡು ಹದಿಮೂರು ಡಿಗ್ರಿಯ ಏರಿಳಿತ. ಗೂಡಿನೊಳಗಿನ ಪ್ರಾಣಿಗೆ ಮುಂಜಾನೆ ಬಿಸುಪು ಬೇಕು, ಮಧ್ಯಾಹ್ನ ತಂಪು ಬೇಕು. ಟಾರ್ಪಾಲು ಮುಂಜಾನೆ ಬೆವರುತ್ತದೆ, ಮಧ್ಯಾಹ್ನ ಒಲೆಯಾಗುತ್ತದೆ.

ನಮ್ಮ ಹಿರಿಯರು ಇದಕ್ಕೆ ಕಂಡುಕೊಂಡ ಉತ್ತರ ಹಟ್ಟಿಯಲ್ಲಿತ್ತು. ಘಟ್ಟದ ಮೇಲಿನವರು ಹಟ್ಟಿ ಎಂದರೆ ಊರು, ಕೇರಿ ಎಂದುಕೊಳ್ಳುತ್ತಾರೆ; ನಮ್ಮಲ್ಲಿ ಹಟ್ಟಿ ಎಂದರೆ ದನದ ಕೊಟ್ಟಿಗೆ. ತುಳುವಿನಲ್ಲಿ ಕಿದೆ. ನಮ್ಮ ಮನೆಯದು ಗೊಬ್ಬರದ ಹಟ್ಟಿ. ಅಂಗಳದ ಮಟ್ಟಕ್ಕಿಂತ ಮೊಣಕಾಲಷ್ಟು ತಗ್ಗಿಸಿದ ನೆಲ, ಮೂರು ಕಡೆ ಎದೆಮಟ್ಟದ ಮುರಕಲ್ಲಿನ ಗೋಡೆ, ಗೋಡೆಯಿಂದ ಮಾಡಿನವರೆಗೆ ಬಿದಿರಿನ ಗಳುಗಳು, ಅವುಗಳ ನಡುವೆ ಬೆಳಕು ಗಾಳಿ. ಮೇಲೆ ಅಟ್ಟ. ಅಟ್ಟದ ತುಂಬ ಏಣೆಲು ಬೆಳೆಯ ಬೈಹುಲ್ಲು. ಏಣೆಲು ಕೊಯ್ಲು ಮುಗಿದು ಬೈಹುಲ್ಲು ಅಟ್ಟ ಸೇರುವುದಕ್ಕೂ ಚಳಿ ಇಳಿಯುವುದಕ್ಕೂ ಸರಿಹೋಗುತ್ತಿತ್ತು. ದನಗಳ ತಲೆಯ ಮೇಲೆ ಆಳೆತ್ತರದ ಹುಲ್ಲಿನ ಕಂಬಳಿ ಹೊದಿಸಿದ ಹಾಗೆ. ಅಂಗಳದ ಬದಿಯ ಕುತ್ತರಿಯ ಹುಲ್ಲು ಮೊದಲು ಖರ್ಚಾಗಬೇಕು, ಅಟ್ಟದ್ದು ಕಡೆಗೆ; ಇದು ಅಜ್ಜನ ನಿಯಮ.

ಬಿಸುಪು ಮೇಲಿನಿಂದ ಮಾತ್ರ ಬರುತ್ತಿರಲಿಲ್ಲ, ಅಡಿಯಿಂದಲೂ ಬರುತ್ತಿತ್ತು. ದಿನಾ ಸಂಜೆ ದನಗಳು ಗುಡ್ಡೆಯಿಂದ ಬರುವ ಮೊದಲು ಸೊಪ್ಪು ಹಾಸಬೇಕು. ಮಳೆಗಾಲದಲ್ಲಿ ಹಸಿ ಸೊಪ್ಪು: ಕುಂಟಲ, ನೆಕ್ಕರಿಕ, ಕೇಪಳ, ಎಳೆಯ ಬೋಗಿ, ಕೈಗೆ ಸಿಕ್ಕಿದ ಪೊದೆಯ ಚಿಗುರು. ಚೇರೆಯ ಗೆಲ್ಲು ಮಾತ್ರ ಬರಬಾರದು, ಅದರ ಸೊನೆ ತಾಗಿದರೆ ಮೈಯೆಲ್ಲ ಬೊಕ್ಕೆ. ಚಳಿಗಾಲ ಕಾಲಿಟ್ಟಿತೆಂದರೆ ತರಗೆಲೆ. ಕುಂದಾಪುರದ ಕಡೆಯವರು ದರಲೆ ಎನ್ನುತ್ತಾರೆ. ದನಗಳು ರಾತ್ರಿಯಿಡೀ ಅದನ್ನು ತುಳಿದು, ಅದರ ಮೇಲೆಯೇ ಸೆಗಣಿ, ಗಂಜಲ. ಮರುದಿನ ಅದನ್ನು ಬಾಚಿ ಎಸೆಯುವುದಿಲ್ಲ. ಅದರ ಮೇಲೆ ಇನ್ನೊಂದು ಪದರ ಒಣ ಎಲೆ. ಹೀಗೆ ತಿಂಗಳುಗಟ್ಟಲೆ. ಪದರದ ಮೇಲೆ ಪದರ ಬಿದ್ದು ಹಟ್ಟಿಯ ನೆಲ ಏರುತ್ತ ಹೋಗುತ್ತದೆ, ಒಳಗೆ ಎಲೆ ಕೊಳೆಯುತ್ತ ಕಾಯುತ್ತದೆ.

ಆ ಬಿಸುಪನ್ನು ನಾನು ಅಂಗಾಲಿನಲ್ಲಿ ಬಲ್ಲೆ. ಆರೇಳು ವರ್ಷದವಳಿದ್ದಾಗ, ಜನವರಿಯ ಬೆಳಗ್ಗೆ ಬಚ್ಚಲ ಒಲೆಗೆ ಬೆಂಕಿ ಹತ್ತುವ ಮೊದಲೇ ಎದ್ದು ಓಡುತ್ತಿದ್ದದ್ದು ಹಟ್ಟಿಗೆ. ಅಮ್ಮ ಹಾಲು ಕರೆಯುವಾಗ ಪಕ್ಕದಲ್ಲಿ ನಿಂತು, ಮೇಲಿನ ಒಣ ಎಲೆಯನ್ನು ಹೆಬ್ಬೆರಳಿನಿಂದ ಸರಿಸಿ ಪಾದ ಒಳಗಿಡುತ್ತಿದ್ದೆ. ಒಂದು ಗೇಣು ಕೆಳಗೆ ಬೂದಿ ಮುಚ್ಚಿದ ಕೆಂಡದ ಹತ್ತಿರ ಕೂತಷ್ಟು ಹಿತವಾದ ಬಿಸಿ. ಹಟ್ಟಿಗೆ ವಾಸನೆಯಿತ್ತು, ಆದರೆ ಕಣ್ಣು ಉರಿಯುವ ಘಾಟು ಇರಲಿಲ್ಲ. ಗಂಜಲವನ್ನು ಎಲೆ ಕುಡಿಯುತ್ತಿತ್ತು, ಉಳಿದದ್ದನ್ನು ಬಿದಿರಿನ ಗಳುಗಳ ನಡುವಿನ ಗಾಳಿ ಒಯ್ಯುತ್ತಿತ್ತು. ಒಮ್ಮೆ ಅತ್ತೂರು ಜಾತ್ರೆಯ ಹೊತ್ತಿಗೆ ಒಂದು ಗಿಡ್ಡ ದನ ಕರು ಹಾಕಿತು. ಅಜ್ಜಿ ಕರುವನ್ನು ಬೈಹುಲ್ಲಿನಿಂದ ತಿಕ್ಕಿ ತಿಕ್ಕಿ ಒಣಗಿಸಿದರು. ಒಳಗೆ ತಂದು ಕಂಬಳಿ ಹೊದಿಸೋಣ ಎಂದು ನಾನು ಅತ್ತೆ. ‘ಒಣಗಿದ ಮೈಗೆ ಕಂಬಳಿ ಬೇಡ, ಒದ್ದೆ ಮೈಗೆ ಕಂಬಳಿ ಸಾಲದು’ ಎಂದರು. ಮೂಡುದಿಕ್ಕಿನ ಗೋಡೆಯ ಮೇಲಿನ ಗಳುಗಳಿಗೆ ಎರಡು ಗೋಣಿ ಸಿಕ್ಕಿಸಿ, ಪಡುವಣ ಬದಿಯನ್ನು ತೆರೆದೇ ಬಿಟ್ಟರು.

ಈ ಗಿಡ್ಡ ದನ ಬೆಕ್ಕಿನ ಹಾಗೆ ಚುರುಕು. ಕಡಿದಾದ ಗುಡ್ಡ ಹತ್ತಿ ಮೇಯ್ದು ಸಂಜೆ ತಾನಾಗಿ ಮರಳುತ್ತದೆ. ಊರದನ ಎಂದು ಹಗುರ ಮಾಡಿದ ಈ ಜಾತಿಯನ್ನು ‘ಮಲೆನಾಡು ಗಿಡ್ಡ’ ಎಂಬ ತಳಿಯಾಗಿ ದೇಶ ಅಧಿಕೃತವಾಗಿ ನೋಂದಾಯಿಸಿಕೊಂಡದ್ದು 2012ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಹಟ್ಟಿಯಲ್ಲಿ ಒಂದೂ ಉಳಿದಿರಲಿಲ್ಲ.

ಹಾಸು ಎಂದರೆ ಪ್ರಾಣಿಯ ಸುಖ ಮಾತ್ರವಲ್ಲ, ಮನುಷ್ಯರ ಅನ್ನವೂ ಹೌದು. ಪಗ್ಗು, ಬೇಶ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಹಟ್ಟಿಯ ಗೊಬ್ಬರ ತೆಗೆಯುವ ಕೆಲಸ. ಹೆಂಗಸರು ಹೆಡಗೆಯಲ್ಲಿ ತಲೆಹೊರೆ ಹೊತ್ತು ಬೈಲು, ಮಜಲು, ಬೆಟ್ಟು ಗದ್ದೆಗಳಿಗೆ ಸುರಿಯುತ್ತಿದ್ದರು. ಮುಂಜಾನೆ ಗುದ್ದಲಿ ಬಿದ್ದಲ್ಲೆಲ್ಲ ಆವಿ ಏಳುತ್ತಿತ್ತು. ಹಟ್ಟಿ ಖಾಲಿಯಾಗಿ ಅಡಿಯ ಕಲ್ಲು ಕಂಡಾಗ ಬಿಸಿಲು ಬೀಳಲು ನಾಲ್ಕು ದಿನ ಬಿಟ್ಟು, ಮತ್ತೆ ಹೊಸ ಎಲೆ. ಮಳೆ ನಾಡಿನ ಮುರಕಲ್ಲಿನ ಮಣ್ಣಿನಲ್ಲಿ ಸಾರ ನಿಲ್ಲುವುದಿಲ್ಲ, ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಗುಡ್ಡದ ಎಲೆಯನ್ನು ದನದ ಕಾಲಡಿಯ ದಾರಿಯಾಗಿ ಗದ್ದೆಗೆ ತಂದು ಪ್ರತಿ ವರ್ಷ ಆ ನಷ್ಟವನ್ನು ತುಂಬಬೇಕಿತ್ತು.

ಹಾಗಾಗಿ ಎಲೆ ತರುವ ಗುಡ್ಡ ಯಾರದ್ದು ಎಂಬುದು ದೊಡ್ಡ ಪ್ರಶ್ನೆಯಾಯಿತು. ಇಲ್ಲಿಂದ ಹಟ್ಟಿಯ ಕತೆ ಕಚೇರಿಯ ಕತೆಯಾಗುತ್ತದೆ. ಟಿಪ್ಪು ಮಡಿದ 1799ರಲ್ಲಿ ನಮ್ಮ ಕರಾವಳಿಯ ಕೆನರಾ ಸೀಮೆ ಕಂಪನಿ ಸರಕಾರದ ಕೈಸೇರಿತು. 1801ರ ಆರಂಭದ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಕಾರ್ಕಳ, ಉಡುಪಿ ದಾರಿಯಾಗಿ ಬೇಸಾಯ, ದನಕರು, ಗೊಬ್ಬರದ ವಿಚಾರ ಬರೆದುಕೊಳ್ಳುತ್ತ ಹೋದ. ಅವನ ಪ್ರವಾಸಗ್ರಂಥ 1807ರಲ್ಲಿ ಅಚ್ಚಾಯಿತು. ನಮ್ಮ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟವನೂ ಅವನೇ, ಅದೇ ಪ್ರಯಾಣದಲ್ಲಿ ಮಲಬಾರಿನ ಅಂಗಡಿಪುರದಲ್ಲಿ ಆ ಕಲ್ಲನ್ನು ಕಂಡು. ಮುಂದೆ ಕೆನರಾ ಇಬ್ಭಾಗವಾಗಿ, 1862ರಲ್ಲಿ ಉತ್ತರದ ಭಾಗ ಬೊಂಬಾಯಿಗೆ ಸೇರಿತು. ನಾವು 1956ರ ನವೆಂಬರ್ 1ರವರೆಗೆ ಮದ್ರಾಸಿನಲ್ಲೇ ಉಳಿದೆವು.

ಮದ್ರಾಸ್ ಸರಕಾರದ ಕಾಲದಲ್ಲಿ ಗಟ್ಟಿಯಾದ ಹಕ್ಕೇ ಕುಮ್ಕಿ. ಕಂದಾಯ ಲೆಕ್ಕದ ಫಸಲಿ ವರ್ಷ 1276, ಅಂದರೆ 1866ಕ್ಕಿಂತ ಮೊದಲಿನ ಕದೀಂ (ಹಳೆಯ) ವರ್ಗದ ಜಮೀನು ಇದ್ದವರಿಗೆ, ಆ ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು ಕಡಿಯುವ, ತರಗೆಲೆ ಗುಡಿಸುವ, ದನ ಮೇಯಿಸುವ, ಮನೆಬಳಕೆಗೆ ಸೌದೆ ತರುವ ಸವಲತ್ತು. ಸರ್ವೆಯವರ ಲೆಕ್ಕದಲ್ಲಿ ಅದು 450 ಲಿಂಕ್ಸ್. ಹಳೆಯ ಮನೆಗಳಲ್ಲಿ ಅಜ್ಜಂದಿರ ಬಾಯಲ್ಲಿ ಈ ಅಂಕೆ ಮಗ್ಗಿಯ ಹಾಗೆ ಬರುತ್ತಿತ್ತು. ಕುಮ್ಕಿ ಎಂಬ ಮಾತಿನ ಮೂಲ ಪಾರಸಿಯ ‘ಕುಮಕ್’. ನೆರವು, ಬೆಂಬಲ ಎಂದರ್ಥ. ಗದ್ದೆಗೆ ಗುಡ್ಡದ ನೆರವು. ಈ ಪದವನ್ನು ಹೀಗೆ ಓದಿಕೊಂಡ ದಿನದಿಂದ ನನಗೆ ಅದು ಕಚೇರಿಯ ಪದವಾಗಿ ಕೇಳಿಸುತ್ತಿಲ್ಲ. ಸ್ವಾತಂತ್ರ್ಯ ಬಂದು, ರಾಜ್ಯ ಬದಲಾಗಿ, 1964ರ ಭೂಕಂದಾಯ ಕಾಯ್ದೆ ಬಂದಾಗಲೂ ಅದರ 79ನೇ ಕಲಮಿನಲ್ಲಿ ಕುಮ್ಕಿ, ಬಾಣೆ, ಕಾನೆ ಮುಂತಾದ ಹಳೆಯ ಸವಲತ್ತುಗಳಿಗೆ ಜಾಗ ಸಿಕ್ಕಿತು.

ಇದನ್ನೆಲ್ಲ ಹೊಗಳುವಾಗ ಒಂದು ಮಾತು ಮುಚ್ಚಿಡಬಾರದು. ಕುಮ್ಕಿ ಇದ್ದದ್ದು ವರ್ಗದಾರರಿಗೆ, ಅಂದರೆ ಆ ಜಮೀನಿನ ಒಡೆಯರಿಗೆ. ಗೇಣಿಗೆ ಗದ್ದೆ ಮಾಡಿದವರಿಗೆ, ಗುಡ್ಡದಂಚಿನ ಗುಡಿಸಲಿನವರಿಗೆ ಎಲೆಯೂ ಒಡೆಯರ ಮರ್ಜಿಯ ಮೇಲಿತ್ತು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಒಕ್ಕಲುಗಳು ಗದ್ದೆಯ ಒಡೆಯರಾದರು. ಅದು ಆಗಲೇಬೇಕಾಗಿದ್ದ ನ್ಯಾಯ. ಸೊಪ್ಪಿನ ಹೊರೆ ಹೊತ್ತವರೂ ಬಹುಪಾಲು ಹೆಂಗಸರೇ. ನಮ್ಮ ಹಟ್ಟಿಗೆ ತರಗೆಲೆ ತರುತ್ತಿದ್ದ ಹೆಂಗಸರ ಕುತ್ತಿಗೆ ಮಧ್ಯವಯಸ್ಸಿನಲ್ಲೇ ಬಾಗಿಹೋದದ್ದನ್ನು ನಾನು ನೋಡಿದ್ದೇನೆ. ದನಗಳ ಬೆಚ್ಚನೆಯ ಹಾಸಿನ ಹಿಂದೆ ಆ ಕುತ್ತಿಗೆಗಳಿದ್ದವು.

ಕಾಪುವಿನ ನಮ್ಮ ಮನೆಯ ಸುತ್ತ ಗುಡ್ಡವೂ ಇಲ್ಲ, ಕುಮ್ಕಿಯೂ ಇಲ್ಲ. ಹಿತ್ತಲಿನಾಚೆ ಮರಳಿನ ಪೊಯ್ಯೆ, ಪೊಯ್ಯೆಯಾಚೆ ಕಡಲು, ರಾತ್ರಿಯಿಡೀ ತಿರುಗುವ 1901ರ ದೀಪಸ್ತಂಭದ ಬೆಳಕು. ಅತ್ತೆಯ ಕೋಳಿಗೂಡು ತೆಂಗಿನ ಕಾಂಡದ ನಾಲ್ಕು ತುಂಡುಗಳ ಮೇಲೆ ಸೊಂಟದೆತ್ತರದಲ್ಲಿ ನಿಂತಿತ್ತು. ಅಡಿಯಲ್ಲಿ ಅಡಿಕೆ ಸಲಿಕೆಗಳ ತಳ, ಸಲಿಕೆಗಳ ನಡುವೆ ಬೆರಳು ತೂರುವಷ್ಟು ಸಂದು. ಇಲ್ಲಿ ತಗ್ಗಿನ ಹಟ್ಟಿ ನಡೆಯುವುದಿಲ್ಲ, ಮಳೆಗಾಲದಲ್ಲಿ ಮರಳಿನಡಿಯಿಂದಲೇ ನೀರು ಉಕ್ಕುತ್ತದೆ. ಅತ್ತೆಯ ವಿದ್ಯೆಯೆಲ್ಲ ತಟ್ಟಿಯಲ್ಲಿತ್ತು. ತೆಂಗಿನ ಮಡಲು ಹೆಣೆದ ತಟ್ಟಿ. ಬೇಶ ತಿಂಗಳ ಹತ್ತು ಕಳೆದು ಪತ್ತನಾಜೆಯಾಯಿತೆಂದರೆ ಗೂಡಿನ ಪಡುವಣ ಮಗ್ಗುಲಿಗೆ ತಟ್ಟಿ ಬರುತ್ತಿತ್ತು, ಕಡಲಿನ ಮಳೆ ಹೊಡೆಯುವುದು ಅತ್ತಲಿಂದ. ದೀಪಾವಳಿ ಕಳೆದ ಮೇಲೆ ಅದೇ ತಟ್ಟಿಯನ್ನು ಬಿಚ್ಚಿ ಮೂಡಣ ಮಗ್ಗುಲಿಗೆ ಕಟ್ಟುತ್ತಿದ್ದರು. ಚಳಿಗಾಲದ ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುವುದರಿಂದ ಗಾಳಿ ಘಟ್ಟದ ಕಡೆಯಿಂದ ಕಡಲಿನತ್ತ ಹರಿಯುತ್ತದೆ. ಆ ಮೂಡುಗಾಳಿ ಹಗುರ, ಆದರೆ ಹಠಮಾರಿ, ಬೆಳಗಾಗುವವರೆಗೂ ಬಿಡುವುದಿಲ್ಲ. ಮಧ್ಯಾಹ್ನಕ್ಕೆ ಪಡುಗಾಳಿ ಏಳುವಾಗ ಆ ಮಗ್ಗುಲು ತೆರೆದಿರಬೇಕು, ಗೂಡು ತಣಿಯಬೇಕು.

ತಟ್ಟಿಗೂ ಟಾರ್ಪಾಲಿಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಮೊಲ ಸತ್ತ ಮೇಲೆ. ಮಡಲಿನ ಹೆಣಿಗೆಯಲ್ಲಿ ಸಾವಿರ ಸಣ್ಣ ಸಂದುಗಳಿವೆ. ಅದು ಗಾಳಿಯ ಹೊಡೆತವನ್ನು ಮುರಿಯುತ್ತದೆ, ಉಸಿರಿನ ಹಬೆಯನ್ನು ಹೊರಗೆ ಬಿಡುತ್ತದೆ. ಟಾರ್ಪಾಲು ಎರಡನ್ನೂ ಕಟ್ಟಿಹಾಕುತ್ತದೆ.

ಪ್ರಾಣಿಯ ಮೈಯನ್ನು ಕಾಪಾಡುವ ಜ್ಞಾನ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಕಟಪಾಡಿ ಬೀಡಿನ, ಮಿಯ್ಯಾರಿನ ಕಂಬಳದ ಕೋಣಗಳನ್ನು ನೋಡಿ. ಕಂಬಳದ ಋತು ಬೀಳುವುದೇ ಚಳಿಗಾಲದಲ್ಲಿ. ಕೆಸರು ನೀರಿನಲ್ಲಿ, ಎಷ್ಟೋ ಸಲ ರಾತ್ರಿಯಿಡೀ ಓಟ. ಆ ಕೋಣಗಳಿಗೆ ಎಣ್ಣೆ ತಿಕ್ಕುತ್ತಾರೆ, ಬಿಸಿನೀರಿನ ಸ್ನಾನ ಮಾಡಿಸುತ್ತಾರೆ, ಹುರುಳಿ ಬೇಯಿಸಿ ಕೊಡುತ್ತಾರೆ, ಮಲಗುವ ಜಾಗ ಒಣಗಿರುವಂತೆ ನೋಡಿಕೊಳ್ಳುತ್ತಾರೆ. ಗೆಲ್ಲುವ ಕೋಣಕ್ಕೆ ಸಿಗುವ ಈ ಆರೈಕೆಯಲ್ಲಿ ಅರ್ಧದಷ್ಟಾದರೂ ಹಿಂದೆ ಉಳುವ ಎತ್ತಿಗೂ ಕರೆಯುವ ದನಕ್ಕೂ ಸಿಗುತ್ತಿತ್ತು. ದೀಪಾವಳಿಯ ಗೋಪೂಜೆಯ ದಿನ ಹಟ್ಟಿಯಲ್ಲಿ ದೀಪವಿಟ್ಟು, ದನಗಳನ್ನು ಮೀಯಿಸಿ, ಕೊರಳಿಗೆ ಹೂ ಹಾಕುವ ಕ್ರಮ ಈಗಲೂ ಇದೆ. ನಮ್ಮ ಮನೆಯಲ್ಲಿ ಆ ದಿನ ತರಗೆಲೆಯ ಮೇಲೆ ಹೊಸ ಬೈಹುಲ್ಲನ್ನೂ ಒಂದು ಪದರ ಹಾಸುತ್ತಿದ್ದರು.

ಮತ್ತೆ ಹಟ್ಟಿಯ ಹಾಸು ಎಲ್ಲಿ ಹೋಯಿತು? ಒಮ್ಮೆಲೇ ಹೋದದ್ದಲ್ಲ. ಗುಡ್ಡಗಳು ಮನೆ, ರಬ್ಬರು, ಗೇರು ಆದವು. ಬೋಳು ಮುರಕಲ್ಲಿನ ನೆಲದಲ್ಲಿ ಅರಣ್ಯ ಇಲಾಖೆ ಅಕೇಶಿಯಾ ನೆಟ್ಟಿತು. ಅದರ ಎಲೆ ಬೇಗ ಕೊಳೆಯುವುದಿಲ್ಲ, ಚರ್ಮದ ಹಾಗೆ ಹಾಸಿಕೊಂಡು ಬಿದ್ದಿರುತ್ತದೆ. ಜೆರ್ಸಿ, ಎಚ್‌ಎಫ್ ಮಿಶ್ರತಳಿ ಬಂದಾಗ ಕೆಚ್ಚಲು ಶುಚಿಯಾಗಿರಬೇಕೆಂದು ಸಿಮೆಂಟಿನ ನೆಲ, ಅದರ ಮೇಲೆ ರಬ್ಬರ್ ಮ್ಯಾಟ್, ದಿನಾ ಎರಡು ಹೊತ್ತು ನೀರು ಹಾಯಿಸಿ ತೊಳೆಯುವುದು. ಹಾಲು ಹೆಚ್ಚಾಯಿತು, ಹೊರೆ ಹೊರುವ ಕೆಲಸ ತಪ್ಪಿತು. ಆ ಎರಡನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಜನವರಿಯ ಮುಂಜಾನೆ ತೊಳೆದ ಸಿಮೆಂಟಿನ ಮೇಲೆ ಕಾಲು ಮಡಚಲು ಹಿಂದೆಮುಂದೆ ನೋಡುವ ದನವನ್ನು ಕಂಡಾಗಲೆಲ್ಲ ನನ್ನ ಅಂಗಾಲು ಹಳೆಯ ಬಿಸಿಯನ್ನು ನೆನೆಯುತ್ತದೆ.

ನಾನೀಗ ಇರುವ ಮಣಿಪಾಲವೂ ಒಂದು ಕಾಲದಲ್ಲಿ ಅಂಥದೇ ಬೋಳುಗುಡ್ಡ. ಮಣ್ಣಪಳ್ಳ, ಕೆಸರಿನ ಕೆರೆ, ಬಾಯಿಂದ ಬಾಯಿಗೆ ಸವೆದು ಮಣಿಪಾಲವಾಯಿತು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಕಟ್ಟುವ ಮೊದಲು ಈ ಗುಡ್ಡಕ್ಕೆ ಹತ್ತುತ್ತಿದ್ದವರು ದನ ಮೇಯಿಸುವವರು, ಹುಲ್ಲು ಹೆರೆಯುವವರು. ಈಗ ರಸ್ತೆಯ ಎರಡೂ ಬದಿಗೆ ನೆಟ್ಟು ಬೆಳೆಸಿದ ಮರಗಳಿವೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಅವು ಉದುರಿಸುವ ಎಲೆಗೆ ಲೆಕ್ಕವಿಲ್ಲ. ಗುಡಿಸಿ ರಾಶಿ ಮಾಡುತ್ತಾರೆ, ಮುಂಜಾನೆ ಬೆಂಕಿ ಕೊಡುತ್ತಾರೆ. ಹಿಂದೆ 100 ಗಜದ ಗಡಿ ಹಾಕಿ, ಕಲಮು ಬರೆದು, ಜಗಳವಾಡಿ ಕಾಪಾಡಿಕೊಂಡ ವಸ್ತು ಅದು.

ಉಳಿದ ಗಂಡು ಮೊಲಕ್ಕೆ ಈಗ ಜೊತೆ ಸಿಕ್ಕಿದೆ. ಗೂಡನ್ನು ನಾನೇ ನಿಂತು ಸರಿಮಾಡಿಸಿದೆ. ಹಟ್ಟಿಯ ಎಲ್ಲವೂ ಮೊಲಕ್ಕೆ ಹೊಂದುವುದಿಲ್ಲ, ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪದರದ ಮೇಲೆ ಪದರ ಬಿಟ್ಟು ಕಾಯಿಸುವ ಕ್ರಮ ದನಕ್ಕೆ ಸರಿ. ನೆಲಕ್ಕೆ ಮೂಗು ತಾಗಿಸಿ ಬದುಕುವ ಮೊಲಕ್ಕೆ ಆ ಘಾಟು ವಿಷ. ಸಂಜೆ ಹಟ್ಟಿಗೆ ತೆಂಗಿನ ಸಿಪ್ಪೆಯ ಮೇಲೆ ನೆಕ್ಕಿ ಸೊಪ್ಪು ಹಾಕಿ ಹೊಗೆ ಕೊಡುತ್ತಿದ್ದೆವು, ಸೊಳ್ಳೆಗೂ ಶೀತಕ್ಕೂ ಮದ್ದು ಎಂದು. ಮೊಲದ ಶ್ವಾಸಕೋಶ ಬಲು ಸೂಕ್ಷ್ಮ, ಅದಕ್ಕೆ ಹೊಗೆ ಕೂಡದು. ಹಾಗಾಗಿ ಅತ್ತೆಯ ಗೂಡಿನ ಎತ್ತರ, ಸಂದಿರುವ ತಳ. ಅಜ್ಜಿಯ ಒಣ ಹಾಸು. ಗೂಡಿನ ಅರ್ಧಭಾಗದಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟಿದ್ದೇನೆ, ಎರಡು ಮೊಲ ಮೈಗೆ ಮೈ ತಾಗಿಸಿ ಮಲಗುವಷ್ಟೇ ಜಾಗ. ಅದರಲ್ಲಿ ಕೆಳಗೆ ಹಲಸಿನ ತರಗೆಲೆ, ಮೇಲೆ ಒಂದು ಗೇಣು ಬೈಹುಲ್ಲು. ಒದ್ದೆಯಾದದ್ದನ್ನು ದಿನಾ ತೆಗೆಯುತ್ತೇನೆ, ತೆಗೆದದ್ದು ಬಸಳೆಯ ಬುಡಕ್ಕೆ. ಮೂಡಣಕ್ಕೆ ಮಾತ್ರ ಮಡಲಿನ ತಟ್ಟಿ. ಹೆಣೆಯಲು ಕೈ ಮರೆತಿರಬಹುದೆಂದು ಹೆದರಿದ್ದೆ, ಮರೆತಿರಲಿಲ್ಲ. ಹತ್ತು ಗಂಟೆಗೆ ಬಿಸಿಲೇರುವಾಗ ಮೊಮ್ಮಗಳು ತಟ್ಟಿ ಸರಿಸುತ್ತಾಳೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಒರಗಿಸುತ್ತಾಳೆ. ಮೂಡು ಯಾವುದು, ಪಡು ಯಾವುದು ಎಂದು ಅವಳಿಗೆ ಈಗ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊನ್ನೆ ಮುಂಜಾನೆ ಪೆಟ್ಟಿಗೆಯೊಳಗೆ ಕೈಯಿಟ್ಟು ನೋಡಿದೆ. ಹುಲ್ಲು ಒಣಗಿತ್ತು. ಮೊಲಗಳು ಎದ್ದುಹೋದ ಜಾಗದಲ್ಲಿ ಅವುಗಳ ಮೈಬಿಸಿ ಇನ್ನೂ ಉಳಿದಿತ್ತು.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಓದುಗರಲ್ಲಿ ಒಂದು ಕೋರಿಕೆ. ಈ ಚಳಿಗಾಲದಲ್ಲಿ ನಿಮ್ಮ ಅಂಗಳದ ತರಗೆಲೆಗೆ ಬೆಂಕಿ ಕೊಡುವ ಮೊದಲು, ಹತ್ತಿರದಲ್ಲಿ ದನವೋ ಕೋಳಿಯೋ ಮೊಲವೋ ಸಾಕಿದ ಮನೆಯಿದೆಯೇ ಎಂದು ಒಮ್ಮೆ ವಿಚಾರಿಸಿ. ಅವರಿಗೆ ಅದು ಬೇಕಾಗಿರುತ್ತದೆ. ನಮ್ಮ ಗೇಟಿನ ಒಳಗೆ ಎರಡು ಖಾಲಿ ಗೋಣಿ ಯಾವಾಗಲೂ ಇರುತ್ತವೆ.